ಬಾಯಿ ಖಾಲಿಯಿರುವ ಹೊತ್ತು

ಮೊಲೆ ಕುಡಿಯುವ ಮಗುವಿನ ಕೆನ್ನೆಯನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರೆ, ಅದು ಎರಡು ಬೇರೆ ಬೇರೆ ಲಯದಲ್ಲಿ ಚೀಪುತ್ತದೆ ಎಂಬುದು ಗೊತ್ತಾಗುತ್ತದೆ. ಹಾಲು ಇಳಿಯುತ್ತಿರುವಾಗ ನಿಧಾನ. ಸೆಕೆಂಡಿಗೆ ಸುಮಾರು ಒಂದು ಎಳೆತ, ಜೊತೆಗೊಂದು ಗುಟುಕು, ಉಸಿರು. ಹೊಟ್ಟೆ ತುಂಬಿದ ಮೇಲೂ ಬಿಡದೆ, ಅರೆಗಣ್ಣು ಮುಚ್ಚಿ ಚೀಪುವಾಗ ಲಯ ಚುರುಕಾಗುತ್ತದೆ. ಸೆಕೆಂಡಿಗೆ ಎರಡು ಸಲದಂತೆ ಒಂದಷ್ಟು ಚೀಪಿ, ಕೊಂಚ ನಿಲ್ಲಿಸಿ, ಮತ್ತೆ ಶುರು ಮಾಡುತ್ತದೆ. ಬಾಸ್ಟನ್ನಿನ ಪೀಟರ್ ವುಲ್ಫ್ 1968ರಲ್ಲಿ ಈ ಎರಡು ಲಯಗಳನ್ನು ಅಳೆದು ಪ್ರಕಟಿಸಿದರು. ಎರಡನೆಯದಕ್ಕೆ ಹಾಲಿನ ಹಂಗಿಲ್ಲ. ಹಸಿವಿಗೂ ಅದಕ್ಕೂ ಸಂಬಂಧ ಕಡಿಮೆ. ಅದು ಮಗು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಬಗೆ.

ಔಷಧಿ ಅಂಗಡಿಯಲ್ಲಿ ನಿಪ್ಪಲ್ ಎಂದೋ ಪ್ಯಾಸಿಫೈಯರ್ ಎಂದೋ ಕೇಳಿ ತರುವ ತೂತಿಲ್ಲದ ರಬ್ಬರ್ ತೊಟ್ಟು ಈ ಎರಡನೆಯ ಲಯವನ್ನೇ ನೆಚ್ಚಿಕೊಂಡಿದೆ. ಅದನ್ನು ಕೊಡಬೇಕೋ ಬೇಡವೋ ಎಂಬ ಜಗಳ ಬಾಣಂತಿಯ ಕೋಣೆಯಿಂದ ಹಿಡಿದು ವಿಶ್ವ ಆರೋಗ್ಯ ಸಂಸ್ಥೆಯ ಸಭೆಗಳವರೆಗೆ ನಡೆದಿದೆ. ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದವರಿಗೆಲ್ಲ ವಿಜ್ಞಾನ ಅಡ್ಡಾದಿಡ್ಡಿ ಉತ್ತರ ಕೊಟ್ಟಿದೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಎಷ್ಟನೇ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು? ಆ ಹೊತ್ತಿನಲ್ಲಿ ಬಾಯಿ ಖಾಲಿ ಇದ್ದಿದ್ದರೆ ಮಗು ಏನು ಮಾಡುತ್ತಿತ್ತು?

ಚೀಪುವುದನ್ನು ಮಗು ಹುಟ್ಟಿದ ಮೇಲೆ ಕಲಿಯುವುದಿಲ್ಲ. ಗರ್ಭದ ನಾಲ್ಕನೇ ತಿಂಗಳ ಹೊತ್ತಿಗೇ ಬೆರಳು ಬಾಯಿಗೆ ಹೋಗುವುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ಮತ್ತು ಸಂಗಡಿಗರು, ಗರ್ಭದಲ್ಲಿ ಬೆರಳು ಚೀಪುವ ಶಿಶುಗಳಲ್ಲಿ ಹೆಚ್ಚಿನವು ಬಲ ಹೆಬ್ಬೆರಳನ್ನೇ ಆರಿಸಿಕೊಳ್ಳುತ್ತವೆ ಎಂದು ಕಂಡುಕೊಂಡರು. ಆ ಮಕ್ಕಳು ಬೆಳೆದ ಮೇಲೆ ಎಪ್ಪತ್ತೈದು ಮಂದಿಯನ್ನು ಹುಡುಕಿ ನೋಡಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಟ್ಟೆಯೊಳಗೆ ಬಲ ಹೆಬ್ಬೆರಳು ಚೀಪುತ್ತಿದ್ದ ಅರವತ್ತೂ ಮಕ್ಕಳು ಬಲಗೈ ಬಳಸುವವರೇ ಆಗಿದ್ದರು. ಎಡ ಹೆಬ್ಬೆರಳಿನ ಹದಿನೈದು ಮಕ್ಕಳಲ್ಲಿ ಹತ್ತು ಮಂದಿ ಎಡಚರು. ಇಷ್ಟು ಹಳೆಯ, ಇಷ್ಟು ಆಳದ ಅಭ್ಯಾಸವನ್ನು 'ಕೆಟ್ಟ ಚಾಳಿ' ಎಂದು ಬೈದು ಬಿಡಿಸಲು ಹೊರಡುವ ಹಿರಿಯರು ಇದನ್ನು ತಿಳಿದಿರಬೇಕು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಹೊಂದಿಕೊಂಡು ನಡೆಯಲು ಮಾತ್ರ ಸುಮಾರು 34ನೇ ವಾರದವರೆಗೆ ಕಾಯಬೇಕು. ತಿಂಗಳು ತುಂಬುವ ಮುನ್ನ ಹುಟ್ಟಿದ ಮಕ್ಕಳಿಗೆ ಮೂಗಿನ ನಳಿಕೆಯಿಂದ ಹಾಲು ಹಾಕುವುದು ಇದೇ ಕಾರಣಕ್ಕೆ. ಅವರ ವಿಷಯಕ್ಕೆ ಆಮೇಲೆ ಬರೋಣ.

ಅಳುವ ಮಗುವಿನ ಬಾಯಿಗೆ ಏನನ್ನಾದರೂ ಇಡುವ ರೂಢಿಯೂ ಹಳೆಯದೇ. ಜರ್ಮನಿಯ ಚಿತ್ರಕಾರ ಡ್ಯೂರರ್ 1506ರಲ್ಲಿ ಬರೆದ ಮಾತೆ ಮೇರಿಯ ಚಿತ್ರವೊಂದರಲ್ಲಿ ಬಾಲ ಯೇಸುವಿನ ಕೈಯಲ್ಲಿ ಚೀಪುವ ಬಟ್ಟೆಗಂಟು ಇದೆ. ಯುರೋಪಿನ ತಾಯಂದಿರು ಅಂಥ ಗಂಟಿನಲ್ಲಿ ಸಕ್ಕರೆಯನ್ನೋ ರೊಟ್ಟಿಯ ತುಣುಕನ್ನೋ ಕಟ್ಟುತ್ತಿದ್ದರು. ತೊಟ್ಟು, ತುಟಿಗೆ ಅಡ್ಡ ನಿಲ್ಲುವ ಬಿಲ್ಲೆ, ಹಿಡಿಯಲು ಬಳೆ ಎಂಬ ಇಂದಿನ ರೂಪ 1900ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಔಷಧಿ ವ್ಯಾಪಾರಿ ಕ್ರಿಶ್ಚಿಯನ್ ಮೈನೆಕೆ ಪಡೆದ ಪೇಟೆಂಟಿನಿಂದ ಬಂತು. ನಮ್ಮಲ್ಲಿ ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ ಅದ್ದಿದ ಬೆರಳನ್ನು ಬಾಯಿಗಿಡುವುದು ಇಂದಿಗೂ ಇದೆ. ಜೇನಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಜೇನುತುಪ್ಪದಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವಕ್ಕೆ ನೆಲೆ ಸಿಗುವುದಿಲ್ಲ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು, ಸ್ನಾಯುಗಳನ್ನು ಸೋಲಿಸುವ ವಿಷ ಉಗುಳುತ್ತವೆ. 2018ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ನಾಲ್ಕು ಶಿಶುಗಳು ಹೀಗೆ ಆಸ್ಪತ್ರೆ ಸೇರಿದವು. ನಾಲ್ಕಕ್ಕೂ ಮೆಕ್ಸಿಕೋದಿಂದ ತಂದ, ಜೇನು ತುಂಬಿದ ನಿಪ್ಪಲ್ ಕೊಡಲಾಗಿತ್ತು. ನಿಪ್ಪಲನ್ನು ಜೇನಿನಲ್ಲಿ ಅದ್ದಿ ಕೊಡುವವರು ದಯವಿಟ್ಟು ಇಂದೇ ನಿಲ್ಲಿಸಿ.

ಈ ಪುಟ್ಟ ವಸ್ತು ಮನೆಯಿಂದ ಪ್ರಯೋಗಾಲಯಕ್ಕೆ ಹೋದಾಗ ಏನಾಯಿತು ಎಂಬುದು ನನಗೆ ಇಡೀ ಕಥೆಯಲ್ಲೇ ಅತ್ಯಂತ ಇಷ್ಟವಾದ ಭಾಗ. ಮಾತು ಬಾರದ, ಕೈಯೆತ್ತಿ ತೋರಿಸಲಾರದ, ಕತ್ತು ಕೂಡ ನಿಲ್ಲದ ಮಗುವಿಗೆ ಏನು ಗೊತ್ತು ಎಂದು ತಿಳಿಯುವುದು ಹೇಗೆ? ಹುಟ್ಟಿದ ದಿನದಿಂದಲೂ ಅದು ತನ್ನ ಇಚ್ಛೆಯಂತೆ ಮಾಡಬಲ್ಲ ಕೆಲಸವೆಂದರೆ ಚೀಪುವುದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಐನಾರ್ ಸಿಕ್ವೆಲ್ಯಾಂಡ್ ನಿಪ್ಪಲಿಗೆ ಒತ್ತಡ ಅಳೆಯುವ ಸಾಧನ ಜೋಡಿಸಿದರು. ಮಗು ಜೋರಾಗಿ ಚೀಪಿದರೆ ಒಂದು ಚಿತ್ರವೋ ಸದ್ದೋ ಬರುತ್ತದೆ. ಅದು ಹೊಸದಾಗಿರುವಷ್ಟು ಹೊತ್ತು ಮಗು ಚೀಪಿ ಚೀಪಿ ಅದನ್ನು ತರಿಸಿಕೊಳ್ಳುತ್ತದೆ. ಬೇಸರ ಬಂದಾಗ ಚೀಪುವುದು ಇಳಿಯುತ್ತದೆ. ಆಗ ಸದ್ದನ್ನು ಬದಲಿಸಬೇಕು. ಮಗು ಮತ್ತೆ ಜೋರಾಗಿ ಚೀಪತೊಡಗಿದರೆ, ಬದಲಾವಣೆ ಅದರ ಕಿವಿಗೆ ಬಿದ್ದಿದೆ ಎಂದರ್ಥ.

ಇದೇ ಉಪಾಯದಿಂದ ಪೀಟರ್ ಐಮಾಸ್ ಮತ್ತು ಮೂವರು ಸಹೋದ್ಯೋಗಿಗಳು 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಭಾಷಾವಿಜ್ಞಾನದ ದಿಕ್ಕನ್ನೇ ಬದಲಿಸಿತು. ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಮಕ್ಕಳು ಇಂಗ್ಲಿಷಿನ 'ಬ'ಕಾರವನ್ನೂ 'ಪ'ಕಾರವನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತಿದ್ದವು. ಎರಡರ ನಡುವಿನ ಅಂತರ ಸೆಕೆಂಡಿನ ಐವತ್ತನೇ ಒಂದು ಭಾಗ ಮಾತ್ರ. ಅಷ್ಟೇ ಅಂತರವಿದ್ದರೂ ಎರಡೂ 'ಬ' ಎಂದೇ ಕೇಳುವ ಸದ್ದುಗಳಾದರೆ ಮಕ್ಕಳು ಅಷ್ಟಾಗಿ ಲೆಕ್ಕಕ್ಕಿಡಲಿಲ್ಲ. ಅಂದರೆ ಒಂದು ಪದವನ್ನೂ ಆಡುವ ಮೊದಲೇ ಶಿಶುವಿನ ಕಿವಿ ಧ್ವನಿಗಳನ್ನು ಗುಂಪು ಮಾಡತೊಡಗಿರುತ್ತದೆ.

1980ರಲ್ಲಿ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಇನ್ನೂ ಮುಂದೆ ಹೋದರು. ಅವರ ಹತ್ತು ಮಕ್ಕಳಿಗೂ ಹುಟ್ಟಿ ಮೂರು ದಿನವಾಗಿರಲಿಲ್ಲ. ಚೀಪುವ ನಡುವಿನ ನಿಲುಗಡೆಯನ್ನು ಒಂದು ರೀತಿ ಹೊಂದಿಸಿಕೊಂಡರೆ ತಾಯಿ ಕಥೆ ಓದುವ ಧ್ವನಿ, ಇನ್ನೊಂದು ರೀತಿ ಹೊಂದಿಸಿಕೊಂಡರೆ ಬೇರೊಬ್ಬ ಹೆಂಗಸಿನ ಧ್ವನಿ. ಹತ್ತರಲ್ಲಿ ಎಂಟು ಮಕ್ಕಳು ತಾಯಿಯ ಧ್ವನಿ ಬರುವಂತೆ ತಮ್ಮ ಚೀಪುವ ಲಯವನ್ನೇ ತಿದ್ದಿಕೊಂಡವು. ಎಳೆ ಕೂಸಿಗೆ ಏನು ತಿಳಿಯುತ್ತದೆ ಎಂದು ಕೇಳುವವರ ಮುಂದೆ ಇಡಲು ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಗೊತ್ತಿಲ್ಲ. 1979ರಲ್ಲಿ ಮೆಲ್ಟ್‌ಜಾಫ್ ಮತ್ತು ಬಾರ್ಟನ್ ಒಂದು ತಿಂಗಳ ಮಕ್ಕಳಿಗೆ ನುಣುಪಾದ ಅಥವಾ ಗುಬುಟುಗಳಿರುವ ನಿಪ್ಪಲನ್ನು ಕಾಣದಂತೆ ಚೀಪಲು ಕೊಟ್ಟು, ಆಮೇಲೆ ಎರಡರ ಆಕಾರಗಳನ್ನೂ ಕಣ್ಣೆದುರು ಇಟ್ಟರು. ಬಾಯಲ್ಲಿ ಅನುಭವಿಸಿದ ಆಕಾರವನ್ನೇ ಮಕ್ಕಳು ಹೆಚ್ಚು ಹೊತ್ತು ನೋಡಿದವು. ಮುಂದೆ ಬೇರೆಯವರು ಮಾಡಿದಾಗ ಈ ಪ್ರಯೋಗ ಪ್ರತಿಸಲವೂ ಫಲಿಸಲಿಲ್ಲ, ಆದ್ದರಿಂದ ಅದರ ಮೇಲೆ ಬಹಳ ಭಾರ ಹಾಕುವುದು ಬೇಡ. ಆದರೂ ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಮಗುವಿನ ಬಾಯಿ ತಿನ್ನುವುದಕ್ಕಷ್ಟೇ ಇರುವ ಅಂಗವಲ್ಲ ಎಂಬುದು ನಿಚ್ಚಳ. ಲೋಕವನ್ನು ಅದು ಮೊದಲು ಅರಿಯುವುದೇ ಅಲ್ಲಿಂದ.

ಕನ್ನಡದ ಓದುಗರಿಗೆ ಹತ್ತಿರವಾದ ಪ್ರಯೋಗವೊಂದು ಕೆನಡಾದ ವ್ಯಾಂಕೂವರಿನಲ್ಲಿ ನಡೆಯಿತು. 'ಓದು' ಮತ್ತು 'ಓಡು' ಇವೆರಡರ ನಡುವಿನ ವ್ಯತ್ಯಾಸವೆಲ್ಲ ನಾಲಿಗೆಯ ತುದಿ ಹಲ್ಲಿಗೆ ತಾಗಿತೋ, ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿತೋ ಎಂಬುದರಲ್ಲಿದೆ. ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಈ ದಕಾರ ಡಕಾರಗಳನ್ನು ಕಿವಿಯಲ್ಲಿ ಬೇರ್ಪಡಿಸುವುದು ಬಹಳ ಕಷ್ಟ. ಅವರ ಮಕ್ಕಳಿಗೆ ಮಾತ್ರ ಆರೆಂಟು ತಿಂಗಳವರೆಗೆ ಅದು ಸಲೀಸು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಕುಗ್ಗುತ್ತದೆ. ಜಾನೆಟ್ ವರ್ಕರ್ 1984ರಲ್ಲೇ ಹಿಂದಿಯ ಇಂಥ ಧ್ವನಿಗಳನ್ನು ಬಳಸಿ ಇದನ್ನು ತೋರಿಸಿಕೊಟ್ಟಿದ್ದರು. 2015ರಲ್ಲಿ ಅವರೂ ಆಲಿಸನ್ ಬ್ರೂಡರರ್ ಮೊದಲಾದವರೂ ಇನ್ನೊಂದು ಹೆಜ್ಜೆ ಇಟ್ಟರು. ಇಂಗ್ಲಿಷ್ ಮನೆಯ ಆರು ತಿಂಗಳ ಮಕ್ಕಳಿಗೆ ಹಿಂದಿಯ ದಕಾರ ಡಕಾರಗಳನ್ನು ಕೇಳಿಸುವಾಗ, ನಾಲಿಗೆಯ ತುದಿ ಅಲುಗದಂತೆ ಒತ್ತಿ ಹಿಡಿಯುವ ಚಪ್ಪಟೆ ಟೀಥರ್ ಒಂದನ್ನು ಬಾಯಲ್ಲಿಟ್ಟರು. ಮಕ್ಕಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಒಸಡುಗಳ ನಡುವೆ ಕೂತು ನಾಲಿಗೆಯನ್ನು ಸ್ವತಂತ್ರವಾಗಿ ಬಿಡುವ ಇನ್ನೊಂದು ಟೀಥರ್ ಇಟ್ಟಾಗ ತಿಳಿಯಿತು.

ಆ ಮಕ್ಕಳು ಅಂಥ ಧ್ವನಿಯನ್ನು ಎಂದೂ ಆಡಿದವರಲ್ಲ, ಕೇಳಿದವರೂ ಅಲ್ಲ. ಆದರೂ ಕೇಳುವುದಕ್ಕೆ ನಾಲಿಗೆ ಬೇಕಾಯಿತು! ನಾವು ಮಾತನ್ನು ಬರಿಯ ಕಿವಿಯಿಂದ ಕೇಳುವುದಿಲ್ಲ, ಬಾಯಿಯೂ ಒಳಗೊಳಗೇ ಅದರಲ್ಲಿ ಪಾಲುಗೊಳ್ಳುತ್ತದೆ ಎಂಬ ಹಳೆಯ ಊಹೆಗೆ ಇದು ಬಲ ಕೊಟ್ಟಿತು. ಇಷ್ಟರಿಂದಲೇ ನಿಪ್ಪಲ್ ಮಾತನ್ನು ಕೆಡಿಸುತ್ತದೆ ಎಂದು ಹೇಳಿದರೆ ತಪ್ಪಾಗುತ್ತದೆ. ಪ್ರಯೋಗದ ಪರಿಣಾಮ ಟೀಥರ್ ಬಾಯಲ್ಲಿದ್ದಷ್ಟು ಹೊತ್ತಿನದು. ಅಡ್ಡಿಯಾದದ್ದು ನಾಲಿಗೆ ಅಲುಗದೆ ಇದ್ದದ್ದು. ಆದರೆ ಎಚ್ಚರವಿರುವ, ಸುತ್ತ ಮಾತು ನಡೆಯುತ್ತಿರುವ ಹೊತ್ತಿನಲ್ಲಿ ನಾಲಿಗೆಯನ್ನು ತಾಸುಗಟ್ಟಲೆ ಕಟ್ಟಿಹಾಕುವುದು ಜಾಣತನವಲ್ಲ ಎಂದು ನಾನು ಇದರಿಂದ ತಿಳಿಯುತ್ತೇನೆ.

ಇನ್ನು ಹಾಲಿನ ಪ್ರಶ್ನೆ. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸ್ತನ್ಯಪಾನದ ಯಶಸ್ಸಿಗೆ ಹತ್ತು ಹೆಜ್ಜೆಗಳನ್ನು ಸೂಚಿಸಿದವು. ಒಂಬತ್ತನೆಯದು ಖಡಾಖಂಡಿತ: ಮೊಲೆಯೂಡುವ ಮಕ್ಕಳಿಗೆ ಕೃತಕ ತೊಟ್ಟು, ನಿಪ್ಪಲ್ ಕೊಡಕೂಡದು. ಅದಕ್ಕೆ ಕಾರಣವಿತ್ತು. ಡಬ್ಬಿಹಾಲಿನ ಕಂಪನಿಗಳ ಪ್ರಚಾರದಿಂದ ಬಡದೇಶಗಳ ಮಕ್ಕಳು ಭೇದಿಯಿಂದ ಸಾಯುತ್ತಿದ್ದ ಕಾಲ ಅದು. ಭಾರತ 1992ರಲ್ಲಿ ಡಬ್ಬಿಹಾಲು ಮತ್ತು ಹಾಲಿನ ಬಾಟಲಿಗಳ ಜಾಹೀರಾತನ್ನೇ ನಿಷೇಧಿಸುವ ಕಾಯ್ದೆ ತಂದಿತು. ನಿಪ್ಪಲ್ ಚೀಪಿ ಅಭ್ಯಾಸವಾದ ಮಗು ಮೊಲೆಯನ್ನು ಸರಿಯಾಗಿ ಹಿಡಿಯುವುದಿಲ್ಲ, ಚೀಪುವುದು ಕಡಿಮೆಯಾದರೆ ಹಾಲು ಇಳಿಯುವುದೂ ಕಡಿಮೆಯಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಹಾಲಿನ ಉತ್ಪತ್ತಿ ನಿಂತಿರುವುದೇ ಮಗು ಎಷ್ಟು ಸಲ ಚೀಪಿ ಬರಿದು ಮಾಡುತ್ತದೆ ಎಂಬುದರ ಮೇಲೆ.

ಬ್ರೆಜಿಲ್ ದೇಶದ ಪೆಲೋಟಾಸ್ ನಗರದಲ್ಲಿ ಸೆಸಾರ್ ವಿಕ್ಟೋರಾ 1990ರ ದಶಕದಲ್ಲಿ ಮಾಡಿದ ಅಧ್ಯಯನಗಳು ಈ ಭಯವನ್ನು ದೃಢಪಡಿಸಿದಂತೆ ಕಂಡವು. ನಿಪ್ಪಲ್ ಚೀಪುವ ಮಕ್ಕಳು ಬೇಗ ಮೊಲೆ ಬಿಡುತ್ತಿದ್ದವು. ವಿಕ್ಟೋರಾ ಅಷ್ಟಕ್ಕೇ ನಿಲ್ಲಿಸದೆ, ತಾಯಂದಿರ ಮನೆಗಳಿಗೆ ಸಂಶೋಧಕರನ್ನು ಕಳಿಸಿ, ಕೂತು ಮಾತಾಡಿಸಿ, ನೋಡಿಸಿದರು. ಅಲ್ಲಿ ಬೇರೆಯೇ ಎಳೆ ಸಿಕ್ಕಿತು. ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬ ಅಳುಕಿದ್ದ, ಮಗು ಹೊತ್ತುಹೊತ್ತಿಗೆ ಮಾತ್ರ ಕುಡಿಯಲಿ ಎಂದು ಬಯಸುತ್ತಿದ್ದ ತಾಯಂದಿರೇ ನಿಪ್ಪಲನ್ನು ಹೆಚ್ಚು ಕೊಡುತ್ತಿದ್ದರು. ಧೈರ್ಯವಿದ್ದ ತಾಯಂದಿರ ಮಕ್ಕಳಿಗೆ ನಿಪ್ಪಲಿನಿಂದ ಹೆಚ್ಚೇನೂ ತೊಂದರೆ ಆಗುತ್ತಿರಲಿಲ್ಲ. ಹಾಗಾದರೆ ಹಾಲು ನಿಲ್ಲಿಸಿದ್ದು ನಿಪ್ಪಲೋ, ನಿಪ್ಪಲ್ ಕೊಡುವಂತೆ ಮಾಡಿದ ಅಳುಕೋ?

ಇದನ್ನು ಬಗೆಹರಿಸಲು ಚೀಟಿಯೆತ್ತಿ ಗುಂಪು ಮಾಡುವ ಪ್ರಯೋಗವೇ ಆಗಬೇಕು. ಮಾಂಟ್ರಿಯಲ್‌ನಲ್ಲಿ ಮೈಕೆಲ್ ಕ್ರೇಮರ್ 281 ತಾಯಂದಿರನ್ನು ಹೀಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ನಿಪ್ಪಲ್ ಬೇಡವೆಂದು ತಿಳಿಹೇಳಿದರು. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರು ತಿಂಗಳೊಳಗೆ ಮೊಲೆ ಬಿಡಿಸಿದವರು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಶೇ. 18ರಿಂದ 19. ಅದೇ ಅಂಕಿಗಳನ್ನು ಗುಂಪು ಮರೆತು, ಯಾರು ಕೊಟ್ಟರು ಯಾರು ಕೊಡಲಿಲ್ಲ ಎಂದು ಹಳೆಯ ಕ್ರಮದಲ್ಲಿ ನೋಡಿದಾಗ ಮಾತ್ರ ನಿಪ್ಪಲೇ ಅಪರಾಧಿಯಂತೆ ಕಂಡಿತು. ಒಂದೇ ಮಾಹಿತಿಯಿಂದ ಎರಡು ಉತ್ತರ! ಜೊತೆಗೆ ಇರುವುದೆಲ್ಲ ಕಾರಣವಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಇದಕ್ಕಿಂತ ಚೊಕ್ಕ ಉದಾಹರಣೆ ಸಿಗದು. 2009ರಲ್ಲಿ ಅರ್ಜೆಂಟೀನಾದಲ್ಲಿ ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ಪ್ರಯೋಗದಲ್ಲೂ ಮೂರನೇ ತಿಂಗಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದ ಮಕ್ಕಳು ಎರಡೂ ಕಡೆ ಶೇ. 86ರಷ್ಟು. ಆದರೆ ಅಲ್ಲಿ ನಿಪ್ಪಲ್ ಕೊಟ್ಟದ್ದು ಹದಿನೈದು ದಿನವಾದ ಮೇಲೆ, ಮೊಲೆಯೂಡುವುದು ಚೆನ್ನಾಗಿ ಕುದುರಿದ್ದ ತಾಯಂದಿರಿಗೆ. ಈ ಷರತ್ತನ್ನು ಮರೆಯಬಾರದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತನೇ ಹೆಜ್ಜೆಯನ್ನು ತಿದ್ದಿ, ನಿಷೇಧದ ಬದಲು ಬಾಟಲಿ, ತೊಟ್ಟು, ನಿಪ್ಪಲ್‌ಗಳ ಬಳಕೆ ಮತ್ತು ಅಪಾಯಗಳ ಬಗ್ಗೆ ತಾಯಂದಿರಿಗೆ ತಿಳಿಹೇಳಬೇಕು ಎಂದಿತು.

ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಇದೇ ಚೀಪು ಔಷಧಿಯಂತೆ ಕೆಲಸ ಮಾಡುತ್ತದೆ. ನಳಿಕೆಯಲ್ಲಿ ಹಾಲು ಹೋಗುವಾಗ ಬಾಯಿಗೆ ನಿಪ್ಪಲ್ ಕೊಟ್ಟ ಮಕ್ಕಳು ಬಾಯಿಯಿಂದ ಕುಡಿಯುವುದನ್ನು ಬೇಗ ಕಲಿಯುತ್ತವೆ, ಕೆಲವು ದಿನ ಮೊದಲೇ ಮನೆಗೆ ಹೋಗುತ್ತವೆ ಎಂದು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದ ಸಮೀಕ್ಷೆಗಳು ಹೇಳುತ್ತವೆ. ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವಾಗ ಚೀಪಲು ಕೊಟ್ಟರೆ ನೋವಿನ ಅಳು ತಗ್ಗುತ್ತದೆ. ನಮ್ಮ ದೇಶದ್ದೇ ಒಂದು ಒಳ್ಳೆಯ ಉಪಾಯ ಇಲ್ಲಿದೆ. ದೆಹಲಿಯ ಇಂದಿರಾ ನಾರಾಯಣನ್ ಮತ್ತು ಸಂಗಡಿಗರು 1991ರಲ್ಲಿ, ಹಾಲನ್ನು ಮೊದಲೇ ಹಿಂಡಿ ತೆಗೆದು, ಬರಿದಾದ ಮೊಲೆಯನ್ನೇ ಕಡಿಮೆ ತೂಕದ ಮಕ್ಕಳಿಗೆ ಚೀಪಲು ಕೊಡುವ ಕ್ರಮವನ್ನು ವರದಿ ಮಾಡಿದರು. ಗಂಟಲಿಗೆ ಹಾಲು ನುಗ್ಗುವ ಅಪಾಯ ಕಡಿಮೆ, ಚೀಪುವ ಅಭ್ಯಾಸವೂ ಆಗುತ್ತದೆ, ತಾಯಿಯ ಮೈ ಬಿಸಿಯೂ ಸಿಗುತ್ತದೆ. ಆ ಮಕ್ಕಳಲ್ಲಿ ಮುಂದೆ ಮೊಲೆಯೂಡುವಿಕೆಯೂ ಚೆನ್ನಾಗಿ ನಡೆಯಿತು. ತಾಯಿ ಹತ್ತಿರವಿರುವಾಗ ರಬ್ಬರಿಗಿಂತ ಇದು ಎಷ್ಟೋ ಮೇಲು.

ನಿದ್ದೆಯ ವಿಷಯದಲ್ಲಿ ವಿಜ್ಞಾನ ನಿಪ್ಪಲಿನ ಪರ ಮಾತಾಡುತ್ತದೆ. ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲೇ ಕಾರಣ ಕಾಣದೆ ತೀರಿಹೋಗುವ ದುರಂತದ ಬಗ್ಗೆ ಅಧ್ಯಯನ ಮಾಡುತ್ತಿದ್ದವರಿಗೆ 1990ರ ದಶಕದಲ್ಲಿ ವಿಚಿತ್ರವೊಂದು ಕಂಡಿತು: ನಿಪ್ಪಲ್ ಬಾಯಲ್ಲಿಟ್ಟು ಮಲಗಿದ್ದ ಮಕ್ಕಳಲ್ಲಿ ಇಂಥ ಸಾವು ಕಡಿಮೆ. ಕ್ಯಾಲಿಫೋರ್ನಿಯಾದ ಡಿ-ಕುನ್ ಲಿ ತಂಡ ಹೀಗೆ ಮಗುವನ್ನು ಕಳೆದುಕೊಂಡ 185 ತಾಯಂದಿರನ್ನೂ ಹೋಲಿಕೆಗೆ 312 ಇತರ ತಾಯಂದಿರನ್ನೂ ಮಾತಾಡಿಸಿ 2006ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ ಅಪಾಯ ಶೇ. 90ರಷ್ಟು ಕಡಿಮೆ. ಬೇರೆ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಅಂಕಿ ಬಂದಿಲ್ಲವಾದರೂ ದಿಕ್ಕು ಒಂದೇ. ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೇ ನಿಪ್ಪಲ್ ಬಾಯಿಂದ ಜಾರಿ ಬಿದ್ದರೂ ರಕ್ಷಣೆ ಇದ್ದಂತೆ ಕಾಣುವುದು ಸೋಜಿಗ. ಮಗು ತೀರಾ ಗಾಢ ನಿದ್ದೆಗೆ ಇಳಿಯದಂತೆ ಅದು ತಡೆಯುತ್ತದೆ, ನಾಲಿಗೆಯನ್ನು ಮುಂದಿರಿಸಿ ಉಸಿರಿನ ದಾರಿಯನ್ನು ತೆರೆದಿಡುತ್ತದೆ ಎಂಬ ವಿವರಣೆಗಳಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರಿಂದ ಮಲಗಿಸುವಾಗ ನಿಪ್ಪಲ್ ಕೊಡಿ ಎನ್ನುತ್ತಿದೆ. ಎದೆಹಾಲಿನ ಮಕ್ಕಳಿಗೆ ಮೊಲೆಯೂಡುವುದು ಕುದುರಿದ ಮೇಲೆ, ಬಿದ್ದರೆ ಮತ್ತೆ ತುರುಕದೆ, ಮಗು ಬೇಡವೆಂದರೆ ಬಲವಂತ ಮಾಡದೆ. ಮಗುವನ್ನು ಅಂಗಾತ ಮಲಗಿಸುವುದು, ಮನೆಯಲ್ಲಿ ಬೀಡಿ ಸಿಗರೇಟು ಸೇದದಿರುವುದು, ಎದೆಹಾಲು ಇವುಗಳ ಸಾಲಿನಲ್ಲಿ ಅದು ನಿಲ್ಲುತ್ತದೆ, ಅವುಗಳ ಬದಲಿಗಲ್ಲ.

ನಿಪ್ಪಲನ್ನು ಕರಿದಾರಕ್ಕೋ ರಿಬ್ಬನ್ನಿಗೋ ಪೋಣಿಸಿ ಕೊರಳಿಗೆ ಹಾಕುವುದು ನಮ್ಮಲ್ಲಿ ಸಾಮಾನ್ಯ. ಆ ದಾರ ತೊಟ್ಟಿಲಿನ ಅಂಚಿಗೆ ಸಿಕ್ಕಿ ಕುತ್ತಿಗೆ ಬಿಗಿಯಬಹುದು. ಅಮೆರಿಕದಲ್ಲಿ 1970ರ ದಶಕದ ಕೊನೆಯಲ್ಲೇ ದಾರವಿರುವ ನಿಪ್ಪಲ್ ಮಾರುವುದನ್ನು ನಿಷೇಧಿಸಿದ್ದಾರೆ. ತುಟಿಯ ಬಿಲ್ಲೆಯಲ್ಲಿ ಗಾಳಿಯ ತೂತುಗಳಿರಬೇಕೆಂಬ ನಿಯಮವೂ ಅದೇ ಕಾಲದ್ದು: ಅಕಸ್ಮಾತ್ ಬಿಲ್ಲೆ ಬಾಯೊಳಗೆ ಹೋದರೂ ಉಸಿರು ಆಡಲಿ ಎಂದು.

ಮೊದಲ ಆರು ತಿಂಗಳು ಕಳೆದಂತೆ ತಕ್ಕಡಿ ವಾಲುತ್ತದೆ. ನಿದ್ದೆಯಲ್ಲಿನ ಹಠಾತ್ ಸಾವು ಹೆಚ್ಚಾಗಿ ಸಂಭವಿಸುವುದು ಈ ಅವಧಿಯಲ್ಲೇ. ಆಮೇಲೆ ಆ ಭಯ ಕಡಿಮೆ. ಹೆಚ್ಚುವುದು ಕಿವಿಯ ಸೋಂಕು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಳಿಕೆ ಎಳೆಯ ಮಕ್ಕಳಲ್ಲಿ ಗಿಡ್ಡ, ಅಡ್ಡ. ಸದಾ ಚೀಪುತ್ತಿದ್ದರೆ ಅಲ್ಲಿನ ಒತ್ತಡ ಬದಲಾಗಿ ಮೂಗಿನ ಸಿಂಬಳ, ಅದರೊಂದಿಗೆ ರೋಗಾಣು, ಕಿವಿಯತ್ತ ಸಾಗಬಹುದು. ಫಿನ್ಲೆಂಡಿನ ನಿಯೆಮೆಲಾ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮುಖ್ಯ. ಹದಿನಾಲ್ಕು ಮಕ್ಕಳ ಆರೋಗ್ಯ ಕೇಂದ್ರಗಳಲ್ಲಿ ಅರ್ಧದಲ್ಲಿ, ಆರು ತಿಂಗಳಾದ ಮೇಲೆ ನಿಪ್ಪಲನ್ನು ನಿದ್ದೆ ಬರಿಸುವುದಕ್ಕಷ್ಟೇ ಬಳಸಿ ಎಂದು ದಾದಿಯರು ತಂದೆತಾಯಿಗಳಿಗೆ ತಿಳಿಹೇಳಿದರು. ಅಷ್ಟರಿಂದಲೇ ಆ ಕಡೆಯ ಮಕ್ಕಳಲ್ಲಿ ಕಿವಿಯ ಸೋಂಕು ಶೇ. 29ರಷ್ಟು ಕಡಿಮೆಯಾಯಿತು. ಖರ್ಚಿಲ್ಲದ ಒಂದು ಮಾತಿಗೆ ಇಷ್ಟು ಫಲ ಸಿಗುವುದು ವೈದ್ಯಲೋಕದಲ್ಲಿ ಅಪರೂಪ.

ಹಲ್ಲಿನ ಕಥೆ ಹೀಗೆ. ಹಲ್ಲಿನ ಸಾಲು ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ನಡೆಸುವ ಹಗ್ಗಜಗ್ಗಾಟದ ನಡುವೆ ನಿಂತಿರುತ್ತದೆ. ಬಾಯಲ್ಲಿ ನಿಪ್ಪಲ್ ಇದ್ದಾಗ ನಾಲಿಗೆ ಕೆಳಗಿಳಿದು ಮೇಲ್ದವಡೆಗೆ ಒಳಗಿನ ಆಸರೆ ತಪ್ಪುತ್ತದೆ. ಅದೇ ಹೊತ್ತಿಗೆ ಚೀಪುವ ಕೆನ್ನೆಯ ಸ್ನಾಯು ಹೊರಗಿನಿಂದ ಒತ್ತುತ್ತದೆ. ಮೇಲ್ದವಡೆ ಕಿರಿದಾಗಿ, ಹಿಂದಿನ ಹಲ್ಲುಗಳು ಕೆಳಗಿನವುಗಳ ಒಳಗೆ ಕೂರತೊಡಗುತ್ತವೆ. ಮುಂದೆ ತೊಟ್ಟು ಇರುವ ಜಾಗದಲ್ಲಿ ಮೇಲಿನ ಕೆಳಗಿನ ಹಲ್ಲುಗಳು ಸೇರದೆ ಸಂದು ಉಳಿಯುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಬಲಕ್ಕಿಂತ ಹೆಚ್ಚಾಗಿ ಸಮಯ. ಎರಡು ವರ್ಷದೊಳಗೆ ಬಿಟ್ಟರೆ ಮುಂದಿನ ಸಂದು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಮೂರು ದಾಟಿದರೆ ದವಡೆಯ ಬದಲಾವಣೆ ಉಳಿದುಬಿಡುವ ಸಾಧ್ಯತೆ ಹೆಚ್ಚು. ಹೆಬ್ಬೆರಳಿಗಿಂತ ನಿಪ್ಪಲ್ ವಾಸಿ ಎಂದು ದಂತವೈದ್ಯರು ಹೇಳುವುದಕ್ಕೆ ಕಾರಣ ಸರಳ: ನಿಪ್ಪಲನ್ನು ಎತ್ತಿಡಬಹುದು.

ಮಾತಿನ ಬಗ್ಗೆ ನಡೆದ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. 2009ರಲ್ಲಿ ಚಿಲಿ ದೇಶದ ಪೆಟಗೋನಿಯಾದ 128 ಮಕ್ಕಳಲ್ಲಿ, ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನಿಪ್ಪಲ್ ಚೀಪಿದವರಲ್ಲಿ ಉಚ್ಚಾರದ ತೊಂದರೆ ಸುಮಾರು ಮೂರು ಪಟ್ಟು ಕಂಡಿತು. ಆಸ್ಟ್ರೇಲಿಯಾದಲ್ಲಿ ನಡೆದ ಮತ್ತೊಂದು ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ. 2024ರಲ್ಲಿ ನಾರ್ವೆಯ ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯಿಂದ, ಹೆಚ್ಚು ಕಾಲ ಚೀಪಿದವರ ಪದಸಂಪತ್ತು ಒಂದು ಮತ್ತು ಎರಡನೇ ವರ್ಷದಲ್ಲಿ ತುಸು ಕಡಿಮೆ ಎಂದು ತಿಳಿಯಿತು. ಸಂಬಂಧ ಇದೆ, ದುರ್ಬಲ. ಮಾತು ಕಡಿಮೆಯಿರುವ ಮಗುವಿಗೇ ಹೆಚ್ಚು ಕೊಡುತ್ತಾರೋ ಏನೋ ಎಂಬ ಅನುಮಾನವೂ ಉಳಿಯುತ್ತದೆ.

ಮುಖದ ವಿಷಯ ಇನ್ನೂ ಸೂಕ್ಷ್ಮ. ಮಕ್ಕಳು ಎದುರಿನವರ ನಗು, ಸಿಟ್ಟು, ದುಃಖವನ್ನು ತಮ್ಮ ಮುಖದಲ್ಲಿ ಅನುಕರಿಸುತ್ತಲೇ ಅವುಗಳ ಅರ್ಥ ಕಲಿಯುತ್ತವೆ ಎಂಬುದೊಂದು ಸಿದ್ಧಾಂತ. ಮನೋವಿಜ್ಞಾನಿ ಪೌಲಾ ನೀಡೆಂಥಾಲ್ 2012ರಲ್ಲಿ, ಹಗಲಿನಲ್ಲಿ ಹೆಚ್ಚು ಕಾಲ ನಿಪ್ಪಲ್ ಬಳಸಿದ್ದ ಆರೇಳು ವರ್ಷದ ಹುಡುಗರು ಇತರರ ಮುಖಭಾವವನ್ನು ಕಡಿಮೆ ಅನುಕರಿಸುತ್ತಾರೆ ಎಂದು ವರದಿ ಮಾಡಿದರು. ಹುಡುಗಿಯರಲ್ಲಿ ಇದು ಕಾಣಲಿಲ್ಲ, ರಾತ್ರಿಯ ಬಳಕೆಗೆ ಸಂಬಂಧವೂ ಇರಲಿಲ್ಲ. ಹಿಂದಿನ ನೆನಪನ್ನು ಕೇಳಿ ಬರೆದುಕೊಂಡ ಮಾಹಿತಿಯಾದ್ದರಿಂದ ನಾನು ಇದನ್ನು ತೀರ್ಪೆಂದು ಒಪ್ಪಲಾರೆ. ಆದರೆ ಅದೇ ಗುಂಪಿನವರ ಇನ್ನೊಂದು ಗಮನ ನನ್ನನ್ನು ಹೆಚ್ಚು ಕಾಡುತ್ತದೆ: ಬಾಯಲ್ಲಿ ನಿಪ್ಪಲ್ ಇರುವ ಮಗುವಿನ ಚಿತ್ರ ನೋಡುವಾಗ ದೊಡ್ಡವರ ಮುಖವೂ ಕಡಿಮೆ ಸ್ಪಂದಿಸುತ್ತದೆ. ಮಗು ನಕ್ಕರೆ ಅಜ್ಜಿ ನಗುತ್ತಾರೆ, ಅಜ್ಜಿ ನಕ್ಕಿದ್ದಕ್ಕೆ ಮಗು 'ಆಂಗೂ' ಎನ್ನುತ್ತದೆ, ಅಜ್ಜಿ 'ಏನೋ ಕಂದಾ' ಎನ್ನುತ್ತಾರೆ. ಈ ಕೊಡುಕೊಳ್ಳುವಿಕೆಯೇ ಮಾತಿನ ಬುನಾದಿ. ಬಾಯಿ ಮುಚ್ಚಿದ್ದರೆ ಅದರ ಮೊದಲ ಕೊಂಡಿಯೇ ತಪ್ಪುತ್ತದೆ.

ಹಾಗಾದರೆ ಅಳುವ ಮಗುವನ್ನು ಏನು ಮಾಡುವುದು? ಮಕ್ಕಳ ಅಳು ಆರನೇ ವಾರದ ಸುಮಾರಿಗೆ ತುತ್ತತುದಿಗೇರಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ಇಳಿಯುತ್ತದೆ ಎಂದು ಬೆರ್ರಿ ಬ್ರೇಜಲ್ಟನ್ 1962ರಲ್ಲೇ ದಾಖಲಿಸಿದ್ದರು. ಆ ವಾರಗಳಲ್ಲಿ ನಿದ್ದೆಗೆಟ್ಟ ತಾಯಿ ನಿಪ್ಪಲ್ ಕೊಟ್ಟರೆ ಅವಳನ್ನು ಯಾರೂ ದೂರಬಾರದು. ಆದರೆ ಮಾಂಟ್ರಿಯಲ್‌ನ ಹುಂಟ್ಸಿಕರ್ ಮತ್ತು ಬಾರ್ 1986ರಲ್ಲಿ ತೋರಿಸಿದ ಇನ್ನೊಂದು ದಾರಿಯೂ ಇದೆ. ಮಗು ಅಳಲಿ ಬಿಡಲಿ, ದಿನವೂ ಹೆಚ್ಚು ಹೊತ್ತು ಎತ್ತಿಕೊಂಡೇ ಇದ್ದ ಮನೆಗಳಲ್ಲಿ ಆರನೇ ವಾರದ ಅಳು ಶೇ. 43ರಷ್ಟು ಕಡಿಮೆಯಿತ್ತು. ಎತ್ತಿ ಎತ್ತಿ ರೂಢಿ ಮಾಡಿಸಬೇಡ ಎಂದು ಬಾಣಂತಿಗೆ ಹೇಳುವವರು ಈ ಅಂಕಿಯನ್ನು ನೋಡಬೇಕು. ಕಂಕುಳಲ್ಲಿ ಕೂತ ಮಗುವಿನ ಬಾಯಿ ಖಾಲಿಯಿರುತ್ತದೆ, ಕಣ್ಣು ಎತ್ತಿಕೊಂಡವರ ಮುಖದ ಮೇಲಿರುತ್ತದೆ.

ಬಿಡಿಸುವಾಗ ಮೊದಲು ಹಗಲಿನದು ಹೋಗಲಿ. ಆರು ತಿಂಗಳಾದ ಮೇಲೆ ಆಟ, ಊಟ, ಮಾತಿನ ಹೊತ್ತಿನಲ್ಲಿ ನಿಪ್ಪಲ್ ಕಣ್ಣಿಗೇ ಬೀಳದಂತೆ ಎತ್ತಿಟ್ಟು, ತೊಟ್ಟಿಲಿಗೆ ಮಾತ್ರ ಉಳಿಸಿ. ಮಗು ತೊದಲು ಮಾತಾಡಲು ಬಂದಾಗ ನಿಪ್ಪಲ್ ಬಾಯಲ್ಲಿದ್ದರೆ, 'ತೆಗೆದು ಹೇಳು ಪುಟ್ಟಾ, ಕೇಳಿಸಲಿಲ್ಲ' ಎನ್ನಬಹುದು. ಹಗಲಿನ ನಿದ್ದೆಯದು ಅದರ ನಂತರ, ರಾತ್ರಿಯದು ಕೊನೆಗೆ. ಬೇವಿನೆಣ್ಣೆ, ಮೆಣಸಿನ ಪುಡಿ ಸವರಿ ಬಿಡಿಸುವ ಹಳೆಯ ಕ್ರೌರ್ಯ ಬೇಡ; ಸಮಾಧಾನಕ್ಕೆಂದು ನೆಚ್ಚಿದ ವಸ್ತುವೇ ಕಹಿಯಾದರೆ ಮಗು ಹೆಬ್ಬೆರಳಿಗೆ ಓಡುತ್ತದೆ. ಡೆನ್ಮಾರ್ಕಿನ ಊರುಗಳಲ್ಲಿ ಇದಕ್ಕೆಂದೇ ಮರಗಳಿವೆ. ಕೋಪನ್‌ಹೇಗನ್ ಬಳಿಯ ಫ್ರೆಡೆರಿಕ್ಸ್‌ಬರ್ಗ್ ಉದ್ಯಾನದ ಮರ ಬಹಳ ಹೆಸರಾದದ್ದು. ಮಕ್ಕಳು ತಮ್ಮ ನಿಪ್ಪಲನ್ನು ತಾವೇ ತಂದು, ಚೀಟಿ ಬರೆಸಿ, ಕೊಂಬೆಗೆ ಕಟ್ಟಿ ಹೋಗುತ್ತಾರೆ. ಎರಡು ಎರಡೂವರೆ ವರ್ಷದ ಮಗುವಿಗೆ ಇಂಥ ನಿರ್ಧಾರದಲ್ಲಿ ಪಾಲು ಕೊಡುವುದು ನನಗೆ ಬಹಳ ಸರಿಯೆನಿಸುತ್ತದೆ. ಬಿಟ್ಟು ಕೆಲವು ತಿಂಗಳಾದರೂ ಮುಂದಿನ ಹಲ್ಲುಗಳ ಸಂದು ಮುಚ್ಚದಿದ್ದರೆ, ಅಥವಾ ಹಿಂದಿನ ಹಲ್ಲುಗಳು ಅಡ್ಡ ಕೂತಂತೆ ಕಂಡರೆ, ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ ಎಂದು ಕಾಯದೆ ದಂತವೈದ್ಯರಿಗೆ ತೋರಿಸಿ. ಕಿರಿದಾದ ಮೇಲ್ದವಡೆಯನ್ನು ಅಗಲಿಸುವುದು ಬೆಳೆಯುವ ವಯಸ್ಸಿನಲ್ಲಿ ಸುಲಭ, ಮೂಳೆ ಬಲಿತ ಮೇಲೆ ಕಷ್ಟ.